ಸುಣ್ಣದ ಲೆಕ್ಕ

ತಣ್ಣೀರುಬಾವಿಯವಳು ನಾನು, ಹೆಸರಿಗೆ.
ರಾತ್ರಿ ನಾಲ್ಕು ಸಲ ಎದ್ದು ತಂಬಿಗೆ ಬರಿದು ಮಾಡುತ್ತಿದ್ದೆ,
ನಾಲ್ಕು ಸಲ ಹಿತ್ತಲಿಗೆ ಹೋಗುತ್ತಿದ್ದೆ,
ಬಾಯಿ ಮತ್ತೆ ಒಣ ಚಿಪ್ಪು.
ಸಕ್ಕರೆ ಕಾಯಿಲೆ ಅಂದರು. ರಕ್ತ ಅಲ್ಲ ಅಂದಿತು.

ಮೈಕೈ ನೋವೆಂದರೆ, ಪ್ರಾಯ ಆಯಿತಲ್ಲ.
ಮೂತ್ರದಲ್ಲಿ ಕಲ್ಲು ಬಂದರೆ, ಬಾಳೆದಿಂಡಿನ ರಸ ಕುಡಿ.
ಮೀನುಸಾರಿಗೆ ಎರಡು ಸಲ ಉಪ್ಪು ಬಿದ್ದಾಗ
ನಾದಿನಿ ವಾರಿಜ ನಕ್ಕಳು.
ಮೂರನೆಯ ವಾರ ನಗಲಿಲ್ಲ.
ಕಾರಣವಿಲ್ಲದೆ ಅಳು ಬರುತ್ತಿತ್ತು ದೋಣಿಯಲ್ಲಿ,
ಸುಲ್ತಾನ್ ಬತ್ತೇರಿ ಇನ್ನೂ ಅರ್ಧ ಹೊಳೆ ದೂರ ಇರುವಾಗ.

ಮೆಡಿಕಲ್ ಶಾಪಿನ ಹುಡುಗ ಮಾತ್ರೆ ಕೊಟ್ಟ:
ಮೈಯಲ್ಲಿ ಸುಣ್ಣ ಕಡಿಮೆ ಅಕ್ಕ, ಮತ್ತೆಂತ ಇಲ್ಲ.
ಸುಣ್ಣ ಕಡಿಮೆ! ನನಗೆ!
ಮರುವಾಯಿ ಚಿಪ್ಪು ಸುಟ್ಟು ಊರಿಗೆಲ್ಲ ಮಾರಿದ
ದೂಮಣ್ಣನ ಮಗಳಿಗೆ!

ಕಂಕನಾಡಿಯಲ್ಲಿ ಡಾಕ್ಟರ್ ಝೊಹರಾ, ಸಣ್ಣ ಪ್ರಾಯ,
ನನ್ನ ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ
ಒಣಗಲು ಹಾಕಿದ ಮೀನಿನಂತೆ ಹರಡಿದರು.
ಹತ್ತು ಪಾಯಿಂಟ್ ಒಂಬತ್ತು. ಹನ್ನೊಂದು ಪಾಯಿಂಟ್ ಎರಡು.
ಹನ್ನೊಂದು ಪಾಯಿಂಟ್ ಆರು.
ಮೂರು ವರ್ಷದಿಂದ ಅದೇ ಸಾಲು,
ಯಾರೂ ಅದರಡಿ ಗೆರೆ ಎಳೆದಿರಲಿಲ್ಲ.
"ಸುಣ್ಣ ಕಡಿಮೆಯಲ್ಲ, ರಕ್ತದಲ್ಲಿ ಹೆಚ್ಚು ಉಂಟು.
ಮೂಳೆಯಿಂದ ಇಳಿದು ಬರ್ತಾ ಉಂಟು.
ಆ ಮಾತ್ರೆ ಇವತ್ತೇ ನಿಲ್ಲಿಸಿ.
ಇಳಿಸುವುದು ಯಾರು, ನೋಡುವ."

ಕುತ್ತಿಗೆಯಲ್ಲಿ, ಥೈರಾಯ್ಡಿನ ಬೆನ್ನಿಗೆ, ನಾಲ್ಕು ಕಾಳು.
ಅಕ್ಕಿಯಷ್ಟೇ. ಹೆಸರೂ ಸ್ವಂತದ್ದಲ್ಲ, ಪ್ಯಾರಾಥೈರಾಯ್ಡ್.
ಮೂರು ಸುಮ್ಮನಿದ್ದವು.
ನಾಲ್ಕನೆಯದು ಹುಣಸೆಬೀಜದಷ್ಟು ಬೆಳೆದು
ಸಾಕು ಅನ್ನುವುದನ್ನೇ ಮರೆತಿತ್ತು.

ಅಪ್ಪನ ಗೂಡು ನೆನಪಾಯಿತು ನನಗೆ.
ಬೆಂಕಿ ಊದಲು ಯಾರಿಗೂ ಬರುತ್ತದೆ ಮಗಾ,
ತಿದಿ ನಿಲ್ಲಿಸುವುದು ಕಸುಬು, ಅನ್ನುತ್ತಿದ್ದ.
ಇಲ್ಲೊಂದು ಕಾಳು ಹಗಲು ರಾತ್ರಿ ಊದಿ ಊದಿ
ನನ್ನ ಸೊಂಟ, ಮಣಿಕಟ್ಟು
ಚಿಪ್ಪಿನ ಹಾಗೆ ಸುಡುತ್ತಿತ್ತು.

ತೆಗೆದರು. ಎರಡು ಬೆರಳಗಲ ಗಾಯ,
ಕರಿಮಣಿ ಕೂರುವಲ್ಲಿ.
ಮರುದಿನ ತುಟಿ ಜುಮುಜುಮು, ಬೆರಳ ತುದಿಯಲ್ಲೆಲ್ಲ ಇರುವೆ.
ಹಸಿದ ಮೂಳೆ ಉಣ್ಣುತ್ತಾ ಉಂಟು, ಅಂದರು,
ಕೂಡಲೇ ಹೇಳಿದ್ದು ಒಳ್ಳೆಯದಾಯಿತು.
ಕೊಟ್ಟದ್ದೇನು? ಆ ಹುಡುಗ ಕೊಟ್ಟಿದ್ದ ಅದೇ ಮಾತ್ರೆ!
ನಗು ಬಂತು. ಹೊಲಿಗೆ ಎಳೆಯಿತು.

ಈಗ ದೋಣಿಯಲ್ಲಿ ಯಾರದಾದರೂ ಕೈಯಲ್ಲಿ
ಲ್ಯಾಬಿನ ಚೀಟಿ ಕಂಡರೆ ಕೇಳಿ ಇಸಿದುಕೊಳ್ಳುತ್ತೇನೆ,
ಕ್ಯಾಲ್ಸಿಯಂ ಎಲ್ಲಿ ಅಂತ ಬೆರಳಿಟ್ಟು ಹುಡುಕುತ್ತೇನೆ.
ಹುಚ್ಚಿ ಅನ್ನುತ್ತಾಳೆ ವಾರಿಜ.
ಅವಳ ಚೀಟಿಯನ್ನೂ ಓದಿಯಾಗಿದೆ.

ನಿನ್ನೆ ಬೆಳಿಗ್ಗೆ ಎದ್ದು ನೋಡುತ್ತೇನೆ,
ತಂಬಿಗೆಯ ನೀರು
ಇಟ್ಟಷ್ಟೇ ಇತ್ತು.