ಏಣಿ

ವಿಟ್‌ಬಿಯ ಮ್ಯೂರಿಯಲ್ ಥ್ಯಾಕ್ರೆ
ಪಕ್ಕದ ಮನೆಯ ಕ್ಲಿಫರ್ಡನಿಗೆ ಬರೆದ ಮೊದಲ ಚೀಟಿ:
"ನನ್ನ ಏಣಿ ಬೇಕಿತ್ತು."
ಬೇಕು ಅಲ್ಲ, ಬೇಕಿತ್ತು.
ಅವರ ಇಂಗ್ಲಿಷಿನಲ್ಲಿ ನೀನೂ ನೀವೂ ಒಂದೇ ಮಾತು;
ಮರ್ಯಾದೆಗೆ ಬೇರೆ ಜಾಗವಿಲ್ಲದೆ
ಕ್ರಿಯಾಪದವೇ ಒಂದು ಹೆಜ್ಜೆ ಹಿಂದೆ ಸರಿದು
ನಿನ್ನೆಯಲ್ಲಿ ನಿಂತು ಬಾಗಿಲು ತಟ್ಟುತ್ತದೆ.

ಅಕ್ಟೋಬರಿನ ಕಡಲಗಾಳಿ ಎರಡು ಹೆಂಚು ಕಿತ್ತಿತು.
"ತಮಗೆ ತೊಂದರೆಯಿಲ್ಲವಾದರೆ, ಏಣಿಯನ್ನು
ಮರಳಿಸಬಹುದಿತ್ತೇನೋ ಎಂದುಕೊಳ್ಳುತ್ತಿದ್ದೆ."
ಕೋಪ ಏರಿದಷ್ಟೂ ವಾಕ್ಯ ಉದ್ದ.
ಏಳನೆಯ ಚೀಟಿಯಲ್ಲಿ ಐದು ದಯವಿಟ್ಟು,
ಎರಡು ಕ್ಷಮಿಸಿ,
ಕೊನೆಗೆ "ತಮ್ಮ ವಿಧೇಯಳು".
ನಾವಾಗಿದ್ದರೆ ಇಷ್ಟರಲ್ಲಿ ಏಕವಚನಕ್ಕಿಳಿದು
ಬೀದಿಗೆಲ್ಲ ಕೇಳಿಸಿರುತ್ತಿದ್ದೆವು.

ಕ್ಲಿಫರ್ಡ್ ತೀರಿಕೊಂಡ ವಾರಕ್ಕೆ
ಅವನ ಮಗಳು ಏಣಿ ಹೊತ್ತು ತಂದಳು.
ಮೇಲಿನ ಮೆಟ್ಟಿಲಿಗೆ ದಾರ ಕಟ್ಟಿದ ಚೀಟಿ,
ಅವನದೇ ಓರೆ ಅಕ್ಷರ:
"ತಾವೇ ಬಂದು ಕೇಳುವಿರೇನೋ ಎಂದುಕೊಂಡಿದ್ದೆ.
ಟೀ ಇತ್ತು."

ಮ್ಯೂರಿಯಲ್ ಎರಡು ಸಲ ಓದಿದಳು.
ಇತ್ತು.
ಇದು ಮರ್ಯಾದೆಯ ಭೂತಕಾಲವೋ,
ಬರೀ ಭೂತಕಾಲವೋ?
ಬಾಗಿಲಲ್ಲಿ ನಿಂತವಳಿಗೆ "ಕ್ಷಮಿಸಿ" ಅಂದಳು,
ಯಾತಕ್ಕೆಂದು ಹೇಳಲಿಲ್ಲ.