ಕೊಂಬು ಬಿದ್ದ ಅಕ್ಷರ

ಧಾರವಾಡದ ದವಾಖಾನಿ ಫಾರ್ಮಿನ್ಯಾಗ
ಹಿಂಗ ಛಾಪಿಸ್ಯಾರ: ‘ಇವತ್ತಿನ ಮೂಡ್’.
ಅದರ ಮುಂದ ಹತ್ತು ಖಾಲಿ ಮನಿ.
ಯಾವ ಮನಿಯೊಳಗ ಅದೀರಿ ಅಂತ ನೋಡಿಕೊಂಡು
ದಿನಾ ಒಂದು ಗೆರಿ ಹಾಕ್ರಿ, ಅಂದ್ರು ಡಾಕ್ಟರ್ ಬಾಯಿ.

ನಾ ಗದಗಿನ ಪ್ರೆಸ್ಸಿನ್ಯಾಗ ಕರಡು ತಿದ್ದಾಕಿ,
ಇಪ್ಪತ್ತೆರಡು ವರ್ಷಾತು.
ಕೈ ತಾನಾಗೇ ಕೆಂಪು ಪೆನ್ನಿಗೆ ಹೋತು.
ಕೆಳಗ ‘ರೋಗಿಯ ಸಿಹಿ’ ಅಂತಿತ್ತು.
ಗುಡಸು ತಗದು ‘ಸಹಿ’ ಮಾಡಿ, ಸಹಿ ಮಾಡಿದೆ.
ಬಾಯಿ ನಕ್ಕರು. ನಾ ನಗಲಿಲ್ಲ.
ನಗಲಿಲ್ಲ ಅಂತ ಅವರು ಬರಕೊಂಡ್ರು.

ಆಗ ನಾ ಎರಡನೇ ಮನಿಯೊಳಗಿದ್ದೆ.
ಅದು ಹೆಂಗಿರತೈತಿ ಅಂದ್ರ,
ಮಳಿ ಹೋದ ಮ್ಯಾಲೆ ಎರಿಹೊಲದಾಗ
ಚಪ್ಪಲಿ ಮೆಟಗೊಂಡು ನಡದಂಗ.
ಒಂದು ಹೆಜ್ಜಿಗೆ ಒಂದು ಹೆಂಟಿ,
ಹತ್ತು ಹೆಜ್ಜಿಗೆ ಕಾಲು ನಿನ್ನವಲ್ಲ, ಆನೀವು.
ಮಂದಿ ಬದುವಿನ ಮ್ಯಾಲೆ ನಿಂತು ಕೂಗತಾರ:
ಝಾಡಿಸಿ ನಡಿಯವಾ, ಅಷ್ಟ ತಾನ!

ಪ್ರೆಸ್ಸಿಗೆ ಚಹಾಕ್ಕ ಬರೋ ಕವಿಗಳೊಬ್ಬರು
‘ದುಃಖದಾಗ ಪದ ತಾವಾಗೇ ಬರತಾವ’ ಅಂತಾರ.
ಅವರ ದುಃಖ ಎಷ್ಟು ಸಂಭಾವಿತ ಐತ್ರಿ!
ಬೀಗರ ಮನಿಗೆ ಬಂದಂಗ ಉಡಿ ತುಂಬ ತರತೈತಿ.
ನಂದು ಬರೂವಾಗ ಖಾಲಿ ಚೀಲ ಹಿಡದು ಬಂದು
ಹೋಗೂವಾಗ ತುಂಬಿಕೊಂಡು ಹೋಗತೈತಿ:
ಉಪ್ಪಿನ ರುಚಿ, ಮಗಳ ದನಿ, ನಿನ್ನೆ ಓದಿದ ಪುಟ.
ಅವರ ಕರಡಿನ್ಯಾಗ ದುಃಖದ ನಡುವಿನ
ಎರಡು ಸೊನ್ನಿ ಬಿಟ್ಟು ಹೋಗಿದ್ದವು.
ನನ್ನವ ಎರಡು ಹಾಕಿಕೊಟ್ಟೆ.

ಹತ್ತನೇ ಮನಿ ಬ್ಯಾರೆ. ಅದಕ್ಕ ಕದಾ ಇಲ್ಲ.
ಹೋದ ಶ್ರಾವಣದಾಗ ಐದು ರಾತ್ರಿ ನಿದ್ದಿ ಬಿಟ್ಟು
ಬಜಾರದ ಬೋರ್ಡಿನ ತಪ್ಪೆಲ್ಲಾ
ಸುಣ್ಣದ ಕಡ್ಡೀಲೆ ತಿದ್ದಿಕೋತ ಹೊಂಟಿದ್ದೆ.
‘ಶುದ್ದ’ ತುಪ್ಪದ ಹೊಟ್ಟಿ ಸೀಳಿದೆ.
ಕಪ್ಪತಗುಡ್ಡದ ಗಾಳಿಪಂಖ ಎಲ್ಲಾ
ನನ್ನ ಉಸುರಿಗೇ ತಿರಗತಾವ ಅನಿಸಿತ್ತು.
ಮಶೀನಿನ ಹಜರೇಸಾಬ ನಿಚ್ಚಣಿಕಿ ಹಿಡದು,
‘ಇಡೀ ಊರು ಪಾಸಾತು, ಇಳಿ ಅಕ್ಕಾ’ ಅಂದ.
ಇಳದೆ. ಇಳಕೋತನ ಇದ್ದೆ, ಎರಡನೇ ಮನಿ ತನಕ.

ಆ ತಿಂಗಳ ಕೈಗೆ ಬಂತು ಹುಲಕೋಟಿಯವರ ಲಗ್ನಪತ್ರಿಕಿ.
ಸವದ ಮೊಳಿ, ಹಳೇ ಮಸಿ.
ಮೂರು ಸಲ ಕಣ್ಣು ಓದಿತು, ನಾ ಓದಲಿಲ್ಲ.
‘ವಧು’ವಿನ ಕೊಂಬು ಬಿದ್ದಿತ್ತು.
ಅರಿಶಿಣ ಹಚ್ಚಿ ಇನ್ನೂರು ಹಂಚಿದ ಮ್ಯಾಲೆ
ಯಾವದೋ ಕಟ್ಟಿ ಮ್ಯಾಲೆ ಸಾಲಿ ಹುಡುಗೊಬ್ಬ
ದೊಡ್ಡ ದನೀಲೆ ಓದಿದನಂತ: ವರ, ವಧ.

ಮಾಲಕರು ಬೈಲಿಲ್ಲ. ಬೈದಿದ್ರ ಛಲೋ ಇತ್ತು.
ಮೂರನೇ ದಿನ ಮದುಮಗಳೇ ಬಂದಳು, ನೀಲಗಂಗಾ,
ಉಳಿದ ಮುನ್ನೂರರ ಗಂಟು ಬಗಲಾಗ.
‘ಅಳಬ್ಯಾಡ್ರಿ, ಕೈಲೇ ಬರದು ಕೊಡ್ರಿ’ ಅಂದು
ಎದುರಿಗೆ ಕುಂತು ಶೇಂಗಾ ಸುಲಕೋತ
ಒಂದೊಂದ ಪತ್ರಿಕಿ ಸರಿಸಿದಳು.
ಮುನ್ನೂರು ಕೊಂಬು ಬರದೆ.
ಒಂದರಂಗ ಒಂದು ಇರಲಿಲ್ಲ.
ನಡುವ ಯಾವಾಗೋ ನಾನೂ ಎರಡು ಶೇಂಗಾ ತಿಂದೆ.
ಉಪ್ಪು ಹತ್ತಿತು ನಾಲಿಗಿಗೆ.

ಇವತ್ತು ತಿರುಗಿ ಬರೂವಾಗ ಪ್ಯಾಸೆಂಜರ್ ಗಾಡಿ
ಅಣ್ಣಿಗೇರಿಯೊಳಗ ಭಾಳೊತ್ತು ನಿಂತಿತ್ತು.
ಹೊಸಾ ಫಾರ್ಮ್ ತೊಡಿ ಮ್ಯಾಲೆ. ‘ಮೂಡ್’.
ಕುತ್ತಿಗಿ ಹಿಸುಕಿ ಅರ್ಧಕ್ಕ ನಿಲ್ಲಿಸಿದ ಅಕ್ಷರ.
ನಮ್ಮ ಮಾತಿನ್ಯಾಗ ಶಬ್ದ ಹಿಂಗ ನಿಲ್ಲಂಗಿಲ್ಲ,
ಕಡೀಕೊಂದು ಸ್ವರ ಬೇಡತೈತಿ.
ಕೆಂಪು ಪೆನ್ನು ತಗದು ಒಂದು ಕೊಂಬು ಕೊಟ್ಟೆ:

ಮೂಡು.

ಕೇಳ್ಯಾರೋ ಹೇಳ್ಯಾರೋ ತಿಳೀಲಿಲ್ಲ.
ಮೂರನೇ ಮನಿಯೊಳಗ ಗೆರಿ ಹಾಕಿದೆ.
ಡಾಕ್ಟರ್ ಬಾಯಿ ಖುಷಿ ಪಡತಾರ, ನಾಕಕ್ಕ ಸರಿಸಲೇನು ಅನಿಸಿತು.
ಸರಿಸಲಿಲ್ಲ. ಕರಡಿನ್ಯಾಗ ಸುಳ್ಳು ನಡಿಯಂಗಿಲ್ಲ.

ಗಾಡಿ ಮೂಡಲಕ್ಕ ಹೊಂಟತು.
ಅದರಾಗ ಅರ್ಥ ಏನಿಲ್ಲ,
ಗದಗ ಇರೂದ ಆ ಕಡೆ,
ಟಿಕೀಟೂ ಅಲ್ಲೀತನಕನ ತಗದೇನಿ.