ವರದಿ ಬರೆಯುವವನು

ಯಾರು ಸರಿಯಾದ ಕೀಗನ್ ಅಂತ ಕೇಳುತ್ತೀಯ, ಓಲೆಕ್,
ಪಾಪ್‌ಕಾರ್ನ್ ಬಟ್ಟಲು ತೊಡೆಯ ಮೇಲಿಟ್ಟುಕೊಂಡು.
ಬೂದು ಕೊಕ್ಕರೆಯ ವಿಷಯ ಬಿಡು.
ಮುಖವಾಡದೊಳಗೆ ಯಾರು ಹೊಕ್ಕರೂ ಕೊಕ್ಕರೆ ಕೊಕ್ಕರೆಯೇ,
ಗದ್ದ ಒಂದು ನೆಟ್ಟಗಿದ್ದರೆ ಸಾಕು.
ನಾನು ನೋಡುತ್ತ ಬಂದದ್ದು ಲೆಫ್ಟಿನೆಂಟ್ ಕೀಗನ್‌ನನ್ನು:
ಹಾರಲು ಬಾರದವನು,
ಮೂರನೇ ಮಹಡಿಗೆ ಏದುಸಿರು ಬಿಡುವವನು,
ಸಂಬಳದಲ್ಲೇ ಬೂಟು ಕೊಳ್ಳಬೇಕಾದವನು.

ಮೊದಲನೆಯವನು ಕಪ್ಪು ಬಿಳುಪಿನವ.
ಮಂಗಳವಾರ ರಾತ್ರಿ, ಸೋಪಿನ ಜಾಹೀರಾತು ಮುಗಿದ ಮೇಲೆ
ಮೊದಲು ಅವನ ಹೊಟ್ಟೆ ಬರುತ್ತಿತ್ತು, ಆಮೇಲೆ ಅವನು.
ಕಳ್ಳ ಎಡಕ್ಕೆ ಓಡಿದರೆ ಇವನು ಬಲಕ್ಕೆ.
ಟೋಪಿ ಬೀಳಬೇಕು, ಅದನ್ನೇ ತುಳಿಯಬೇಕು,
ಕೊಕ್ಕರೆ ಇಲ್ಲದಿದ್ದರೆ ನಮ್ಮ ಗತಿ ಏನು ಅನ್ನಬೇಕು.
ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.
ಅಪ್ಪ ನಗುತ್ತಿರಲಿಲ್ಲ. ಪಾಳಿಗೆ ಹೊರಡುವ ಮುಂಚೆ
ಬೂಟಿಗೆ ಪಾಲಿಷ್ ತಿಕ್ಕುತ್ತ ಒಂದೇ ಮಾತು:
"ಬೆಲ್ಟು ನೋಡು ಅವನದ್ದು.
ಕೈಕೋಳ ತಪ್ಪು ಕಡೆ ನೇತಾಡ್ತಿದೆ."

ಎರಡನೆಯವನು ಸಿನಿಮಾದವನು. ನನ್ನ ಮದುವೆ ಮುರಿದ ವರ್ಷ.
ಮೂರು ದಿನದ ಗಡ್ಡ, ಮೂರು ಜನ್ಮದ ಆಯಾಸ,
ಠಾಣೆಯೆಲ್ಲ ಲಂಚ ತಿನ್ನುವಾಗ ಇವನೊಬ್ಬನ ಉಪವಾಸ.
ಚೆನ್ನಾಗಿ ಮಾಡಿದ, ಇಲ್ಲವೆನ್ನಲಾರೆ.
ಹಡಗುಕಟ್ಟೆಯಲ್ಲಿ ಸತ್ತ ಹುಡುಗಿಗೆ ತನ್ನ ಕೋಟು ಹೊದಿಸಿ
ಗುಂಡಿ ಹಾಕುತ್ತಾನಲ್ಲ, ಒಂದೊಂದಾಗಿ,
ಇನ್ನು ಮೇಲೂ ಚಳಿಯಾದೀತು ಎಂಬಂತೆ,
ಅಲ್ಲಿ ಅತ್ತೆ. ವಾಪಸು ಬಸ್ಸಿನಲ್ಲೂ ಅತ್ತೆ.
ಆದರೆ ಅವನ ದುಃಖಕ್ಕೆ ನಲವತ್ತು ಪಿಟೀಲಿದ್ದವು.
ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಗೊರಗೊರ ಮಾತ್ರ.

ಕಾರ್ಟೂನಿನವನದು ಬರೀ ದನಿ.
ಜಲ್ಲಿಯ ಮೇಲೆ ನಿಧಾನ ಉರುಳುವ ಚಕ್ರದಂಥದು.
ಕಣ್ಣು ಮುಚ್ಚಿ ಕೇಳಬೇಕು. ತೆರೆದರೆ
ಕೈಗೆ ನಾಲ್ಕೇ ಬೆರಳು.

ಈಗಿನ ಕೀಗನ್ ಹೆಂಗಸು. ನಿನ್ನ ಮಾವ ಕೂಗಾಡಿದ,
ಈರೀ ಸರೋವರವೇ ಬತ್ತಿಹೋಯಿತೇನೋ ಅನ್ನುವ ಹಾಗೆ.
ನನಗೆ ಹಿಡಿಸಿದಳು. ಕೊಕ್ಕರೆಯನ್ನು ತಲೆಯೆತ್ತಿ ನೋಡುವುದಿಲ್ಲ;
"ಇಳಿದು ಬಾ, ಕತ್ತು ನೋಯುತ್ತೆ" ಅನ್ನುತ್ತಾಳೆ.
ಠಾಣೆಯ ಕಾಫಿಗೆ ಮುಖ ಸಿಂಡರಿಸುವ ರೀತಿಯೂ ಸರಿಯಾಗಿದೆ.
ಕೈಕೋಳವೂ ಸರಿಯಾದ ಕಡೆಗಿದೆ.
ಆದರೆ ಎಂಟು ಕಂತು ನೋಡಿದೆ, ಓಲೆಕ್,
ಅವಳೂ ಪೆನ್ನು ಮುಟ್ಟಲಿಲ್ಲ.

ಯಾರೂ ಮುಟ್ಟಲಿಲ್ಲ.
ಅರವತ್ತು ವರ್ಷ. ಬ್ಯಾಂಕು ಉಳಿಯಿತು, ಸೇತುವೆ ಉಳಿಯಿತು,
ಹೆಡೆಮುರಿ ಕಟ್ಟಿದ ಕಳ್ಳರನ್ನು ಬಾಗಿಲಲ್ಲಿ ಬಿಸಾಕಿ
ಕೊಕ್ಕರೆ ಹಾರಿಹೋಯಿತು.
ಬೆಳಗ್ಗೆ ಅದನ್ನೆಲ್ಲ ಏನೆಂದು ಬರೆದರು?
ಯಾವ ಕಾಲಮ್ಮಿನಲ್ಲಿ?

ಎಪ್ಪತ್ತೇಳರ ಹಿಮಗಾಳಿಯಲ್ಲಿ
ಮೂರನೇ ದಿನ ಮನೆಗೆ ಬಂದ ಅಪ್ಪ, ಮೀಸೆಯಲ್ಲಿ ಮಂಜುಗಡ್ಡೆ.
ಸೆನೆಕಾ ಬೀದಿಯಲ್ಲಿ ಹೂತುಹೋದ ಕಾರುಗಳಿಂದ
ಹನ್ನೊಂದು ಜನರನ್ನು ಒಬ್ಬನೇ ಅಗೆದು ತೆಗೆದಿದ್ದನಂತೆ ಯಾರೋ,
ಕಲ್ಲಿದ್ದಲಿನ ಸಲಿಕೆಯಲ್ಲಿ.
ಅಪ್ಪ ಮೂರು ಹಾಳೆಗಳ ನಡುವೆ ಕಾರ್ಬನ್ ಇಟ್ಟು,
ಪೆನ್ನನ್ನು ಒಲೆಗೆ ಹಿಡಿದು ಶಾಯಿ ಕರಗಿಸಿ, ಒತ್ತಿ ಬರೆದ:
ಅಪರಿಚಿತ ವ್ಯಕ್ತಿ. ಪುರುಷ. ಸಾಧಾರಣ ಎತ್ತರ.

ಸಾಧಾರಣ ಎತ್ತರ!
ಆರೂವರೆ ಅಡಿಯ ಆಸಾಮಿ, ಅದೇ ಹೊತ್ತಿಗೆ
ನಮ್ಮ ನೆಲಮಾಳಿಗೆಯ ತೊಲೆಗೆ ಹಣೆ ಬಡಿಸಿಕೊಂಡು
ಅಮ್ಮನ ಬೀಟ್ರೂಟ್ ಸಾರು ಕುಡಿಯುತ್ತಿದ್ದ.
ಓಹಿಯೋದಲ್ಲಿ ಅವನ ಮೇಲೆ ವಾರಂಟಿತ್ತು.
ಯಾತಕ್ಕೆ ಅಂತ ಎಷ್ಟೋ ವರ್ಷದ ಮೇಲೆ ಕೇಳಿದೆ.
ಅಪ್ಪ ರೇಡಿಯೋದ ದನಿ ಏರಿಸಿದ.
ತಪ್ಪೋ ಸರಿಯೋ, ನಿವೃತ್ತಿಯ ದಿನದ ಭಾಷಣದಲ್ಲಿ
ಆ ರಾತ್ರಿಯ ಸುದ್ದಿ ಯಾರೂ ಎತ್ತಲಿಲ್ಲ;
ಎತ್ತಲು ಕಾಗದದಲ್ಲಿ ಏನಿತ್ತು?

ಇರು, ಶುರುವಾಯಿತು. ಆ ಬಟ್ಟಲು ಇತ್ತ ಕೊಡು.
ಅವಳ ಮೇಜು ತೋರಿಸುತ್ತಿದ್ದಾರೆ, ನೋಡು,
ಬಲಮೂಲೆಯಲ್ಲಿ, ಫೋನಿನ ಪಕ್ಕ,
ಅದು ಪೆನ್ನು ತಾನೆ?